ರಾಗಿ ಕೋಣೆಯ ಸೀನು

ನನ್ನ ಮೂಗು ಸುರಿಯುವುದಕ್ಕೆ ನಮ್ಮ ಮನೆಯವರು ಹೇಳದ ಕಾರಣವಿರಲಿಲ್ಲ. ಮೊಸರು ತಿಂದೆ, ತಲೆಗೆ ತಣ್ಣೀರು ಹಾಕಿಕೊಂಡೆ, ಬರಿಗಾಲಲ್ಲಿ ಇಬ್ಬನಿ ತುಳಿದೆ. ತೂಬಗೆರೆ ಕಡೆಯ ಆ ಒಕ್ಕಲು ಮನೆಯಲ್ಲಿ ಎಲ್ಲರೂ ಮೊಸರು ಕಲಸಿಕೊಂಡು ಉಣ್ಣುವಾಗ ನನಗೆ ಮಾತ್ರ ಮೆಣಸಿನ ಸಾರು. ಸಾಲದ್ದಕ್ಕೆ ಅಜ್ಜಿ ಅರಿಶಿನದ ಕೊಂಬು ಸುಟ್ಟು ಮೂಗಿಗೆ ಹೊಗೆ ಹಿಡಿಯುತ್ತಿದ್ದಳು. ಸೀನು ಇನ್ನೂ ಜಾಸ್ತಿಯಾಗುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಕಣದಲ್ಲಿ ರಾಗಿ ತೂರಲು ಶುರುವಾದರೆ ಸಾಕು, ಮೂಗು ಕಣ್ಣು ಎರಡೂ ತುರಿಸುತ್ತಿದ್ದವು. ಧೂಳಿಲ್ಲದ ದಿನಗಳಲ್ಲಿ ಕೆರೆಯಲ್ಲಿ ಮುಳುಗೆದ್ದರೂ ಏನೂ ಆಗುತ್ತಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಅಜ್ಜಿ ಉರಿದುಬಿದ್ದಳು.

"ಹೊಟ್ಟೆಗೆ ಹಿಟ್ಟು ಕೊಡೋ ರಾಗಿ ಮೇಲೆ ತಪ್ಪು ಹೊರಿಸ್ತೀಯೇನೇ? ಬಾಯಲ್ಲಿ ಹುಳ ಬೀಳ್ತವೆ!"

ಸೀಮೆಎಣ್ಣೆಗೂ ಪರದಾಡುತ್ತಿದ್ದ ಯುದ್ಧದ ಕಾಲ. ಸುಗ್ಗಿ ಮುಗಿಯುತ್ತಲೇ ಅಕ್ಕನ ಮದುವೆ ಬಂತು. ಧಾರೆಯ ಹೊತ್ತಿನಲ್ಲಿ ಹೆಣ್ಣಿನ ಪಕ್ಕ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ನಾನೇ ಎಂದು ಅಕ್ಕ ಮಾತು ಕೊಟ್ಟಿದ್ದಳು. ಅದಕ್ಕೆಂದೇ ಹಸಿರು ಲಂಗ ಹೊಲಿಸಿದ್ದರು. ಅದನ್ನು ತೊಟ್ಟು ಚಪ್ಪರದಲ್ಲಿ ನಿಂತಿದ್ದೆ. ಗಂಡಿನವರು ಒಳಗೆ ಕಾಲಿಡುತ್ತಿದ್ದಂತೆ ಅವರ ಎದುರಿಗೇ ಸೀನು ಬಂದುಬಿಟ್ಟಿತು. ಅದೂ ಒಂಟಿ ಸೀನು. ಗಂಡಿನ ತಾಯಿ ಮುಖ ಸಿಂಡರಿಸಿ ನಿಂತರು.

ಅವ್ವ ನನ್ನ ರಟ್ಟೆ ಹಿಡಿದು ದರದರ ಎಳೆದೊಯ್ದಳು.

"ಧಾರೆ ಹೊತ್ಗೆ ಸೀನ್ಬಿಟ್ರೆ ನಿಮ್ಮಕ್ಕನ ಗತಿ ಏನೇ? ಇಲ್ಲೇ ಬೆಚ್ಗೆ ಕೂತಿರು" ಎಂದು ರಾಗಿ ಕೋಣೆಗೆ ತಳ್ಳಿ ಚಿಲಕ ಹಾಕಿದಳು. ಕಳಸ ಚಿಕ್ಕಪ್ಪನ ಮಗಳ ಕೈಗೆ ಹೋಯಿತು.

ಅಷ್ಟು ದೊಡ್ಡ ಮನೆಯಲ್ಲಿ ಬೇರೆ ಕೋಣೆಯೇ ಇರಲಿಲ್ಲವೇ! ಸೂರಿನವರೆಗೆ ಹೊಸ ರಾಗಿಯ ಮೂಟೆ, ಮುಟ್ಟಿದಲ್ಲೆಲ್ಲ ಹೊಟ್ಟಿನ ಧೂಳು. ಪಕ್ಕೆ ನೋಯುವವರೆಗೆ ಸೀನಿದೆ. ಹೊರಗೆ ಗಟ್ಟಿಮೇಳ ಮೊಳಗಿತು. ಸೀನಿನಂಥ ಅಪಶಕುನದ ಸದ್ದು ಯಾರ ಕಿವಿಗೂ ಬೀಳದಿರಲಿ ಎಂದೇ ಅಲ್ಲವೇ ಗಟ್ಟಿಮೇಳ ಬಾರಿಸುವುದು? ಮತ್ತೆ ನನ್ನನ್ನು ಕೂಡಿಹಾಕಿದ್ದು ಯಾತಕ್ಕೆ? ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅಕ್ಕನಿಗೆ ತಾಳಿ ಕಟ್ಟುವುದನ್ನು ನಾನು ನೋಡಲೇ ಇಲ್ಲ. ಬಾಗಿಲಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತೆ. ಆ ವಾಲಗದಲ್ಲಿ ಅದೂ ಯಾರಿಗೂ ಕೇಳಿಸಲಿಲ್ಲ.

ಊಟದ ಹೊತ್ತಿಗೆ ಅವ್ವ ಬಂದು ಚಿಲಕ ತೆಗೆದಳು. ನನ್ನ ಕೆಂಪು ಕಣ್ಣು, ಸುರಿಯುವ ಮೂಗು ನೋಡಿ ಸೆರಗಿನಿಂದ ಒರೆಸಿದಳು.

"ನೋಡ್ದೇನೇ, ಇಷ್ಟು ಬೆಚ್ಗೆ ಕೂತ್ರೂ ನಿನ್ ನೆಗಡಿ ಬಿಡ್ಲಿಲ್ಲ. ಊಟಕ್ಕೆ ಕೂತಾಗ ಮೊಸರು ಮುಟ್ಬೇಡ" ಅಂದಳು.