ಕೈ ಮಾತ್ರ ಉಳಿದ ಕ್ಯಾಸೆಟ್ಟು

ವೆಂಕಟರವಣಪ್ಪನವರ ಬಾಯಲ್ಲಿ ಬೀಡಿ ಇರುತ್ತಿರಲಿಲ್ಲ, ಎಲೆ ಅಡಿಕೆ ಇರುತ್ತಿರಲಿಲ್ಲ. ಸದಾ ಒಂದು ಪ್ಲಾಸ್ಟಿಕ್ ಪಟ್ಟಿ ನೇತಾಡುತ್ತಿತ್ತು. ಮಾವಿನ ಕಸಿ ಕಟ್ಟುವ ಪಟ್ಟಿ ಅದು. ಎರಡು ಕೈಗೂ ಕೆಲಸವಿದ್ದಾಗ ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದದ್ದು ಅಭ್ಯಾಸವಾಗಿ, ಸುಮ್ಮನೆ ಕೂತಾಗಲೂ ಅಲ್ಲೇ ಉಳಿದುಬಿಟ್ಟಿತ್ತು. ಅದನ್ನು ಕಚ್ಚಿಕೊಂಡೇ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತಾಡುವರು. ಹೆಚ್ಚಿನ ಮಾತೆಲ್ಲ ಸಸಿಗಳ ಜೊತೆಗೆ. ಕಟ್ಟಿ ಮುಗಿಸಿದ ಪ್ರತಿ ಸಸಿಗೂ "ಪಟ್ಟುಕೋ ನಾಯನಾ" ಅನ್ನುವರು. ಹಿಡಿದುಕೊಳ್ಳಪ್ಪಾ ಅಂತ.

ರಾಯಲ್ಪಾಡಿನ ಹತ್ತಿರ ಅವರ ಸಣ್ಣ ನರ್ಸರಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದೆ. ಸುಡುಬೇಸಿಗೆಯಲ್ಲೂ ಅವರ ಕಸಿ ಹಿಡಿಯುವುದನ್ನು ನೋಡಿ ಅದರ ಮೇಲೆ ಒಂದು ಪ್ರಬಂಧ ಬರೆದೆ. ಬೆಂಗಳೂರಿನ ವಿಚಾರ ಸಂಕಿರಣದವರು ಒಪ್ಪಿದರು, ಐದು ನಿಮಿಷದ ವಿಡಿಯೋ ಇದ್ದರೆ ಒಳ್ಳೆಯದು ಎಂದರು. ಮದುವೆ ವಿಡಿಯೋ ತೆಗೆಯುವ ಬಾಷಾ, ಎರಡು ಮುಹೂರ್ತಗಳ ನಡುವೆ ಬಿಡುವು ಮಾಡಿಕೊಂಡು ಕ್ಯಾಮೆರಾ ತಂದ. ಲೈಟು ತರಿಸುವ ಶಕ್ತಿ ನನಗಿರಲಿಲ್ಲ. ವೆಂಕಟರವಣಪ್ಪನವರ ಹೆಂಡತಿ ನಾರಾಯಣಮ್ಮ ಗಂಡನ ಒಗೆದ ಬಿಳಿ ಪಂಚೆಯನ್ನು ಅಗಲವಾಗಿ ಹಿಡಿದು ನಿಂತು, ಬಿಸಿಲನ್ನು ಅವರ ಕೈಗಳ ಮೇಲೆ ಬೀಳಿಸಿದರು.

ತೊಂದರೆ ಬಂದದ್ದು ಆ ಕೈಗಳ ವೇಗದಿಂದ. ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಬಾದಾಮಿ ಮಾವಿನ ಕಡ್ಡಿಯನ್ನು ಚೂಪು ಮಾಡಿ ಕೂರಿಸಿ ಪಟ್ಟಿ ಸುತ್ತುವಷ್ಟರಲ್ಲಿ ಬಾಷಾ ಇನ್ನೂ ಫೋಕಸ್ ಹುಡುಕುತ್ತಿದ್ದ. ಬರೀ ತೋರಿಸುವುದಕ್ಕಲ್ಲವೇ, ಸುಮ್ಮನೆ ಒಂದು ಸಸಿಯನ್ನು ನಿಧಾನವಾಗಿ ಕಟ್ಟಿ ಅಂದೆ. ಅವರು ಬಾಯಿಂದ ಪಟ್ಟಿ ತೆಗೆದರು. ಮಾತಾಡುವುದಕ್ಕೆಂದು ಅದು ಬಾಯಿಂದ ಈಚೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸುಮ್ನೆ ಹೆಂಗ್ ಕುಯ್ಯೋದು ಸಾರ್? ನಿಧಾನ ಮಾಡಿದ್ರೆ ಗಾಯ ಒಣಗೋಗ್ತದೆ. ನಿಮ್ ವಿಡಿಯೋಗೆ ಒಂದ್ ಗಿಡ ಸಾಯ್ಬೇಕಾ?"

ದಾರಿ ಹೇಳಿದವರೂ ಅವರೇ. ತಾನು ತನ್ನ ಪಾಡಿಗೆ ಎಷ್ಟು ಸಲ ಬೇಕಾದರೂ ಕಟ್ಟುತ್ತೇನೆ, ಕ್ಯಾಮೆರಾ ಒಂದು ಸಲ ಚಾಕುವನ್ನು ನೋಡಲಿ, ಒಂದು ಸಲ ಕಡ್ಡಿಯನ್ನು ನೋಡಲಿ, ಆಮೇಲೆ ನೀವು ಜೋಡಿಸಿಕೊಳ್ಳಿ ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಾಲು ಸಸಿ ಸಿದ್ಧವಾಗಿತ್ತು. ಒಂದೂ ನಾಟಕದ್ದಲ್ಲ.

ಬಾಷಾನ ಸ್ಟುಡಿಯೋದಲ್ಲಿ ಜೋಡಿಸಲು ಕೂತಾಗ ನನ್ನೊಳಗಿನ ವಿದ್ವಾಂಸ ಎದ್ದು ಕೂತ. ವಿಧಾನ ಮುಖ್ಯ, ಮುಖವೇಕೆ ಎಂದೆ. ಮುಖ ಹಾಕದಿದ್ದರೆ ಯಾರ ಮದುವೆ ಅಂತ ಗೊತ್ತಾಗುವುದಿಲ್ಲ ಸಾರ್ ಎಂದು ಬಾಷಾ ಪಾಪ ಹೇಳಿದ, ನಾನು ಕೇಳಲಿಲ್ಲ. ಪಟ್ಟಿ ಕಚ್ಚಿಕೊಂಡ ಆ ತೊದಲು ಮಾತಿಗೆ ಸಂಕಿರಣದ ದೊಡ್ಡವರು ನಕ್ಕಾರು ಎಂದು ಅದನ್ನೂ ಅಳಿಸಿ, ಪುಸ್ತಕದ ಕನ್ನಡದಲ್ಲಿ ನಾನೇ ವಿವರಣೆ ಓದಿದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ಮೂಲ ಟೇಪಿನ ಮೇಲೆ ಬಾಷಾ ಮುಂದಿನ ವಾರವೇ ಯಾರದೋ ಮದುವೆಯ ಧಾರೆ ತೆಗೆದ, ಹಳೆಯದೆಲ್ಲ ಅಳಿಸಿಹೋಯಿತು. ಸಂಕಿರಣದಲ್ಲಿ ಚಪ್ಪಾಳೆ ಬಿತ್ತು, ಪ್ರಶಸ್ತಿಪತ್ರ ಸಿಕ್ಕಿತು.

ಮಳೆಗಾಲದಲ್ಲಿ ಸಂತೆಯಲ್ಲಿ ಸಿಕ್ಕ ವೆಂಕಟರವಣಪ್ಪನವರು ವಿಡಿಯೋ ವಿಷಯ ಎತ್ತಲೇ ಇಲ್ಲ. ಅವತ್ತಿನ ಸಸಿಗಳೆಲ್ಲ ಚಿಗುರಿವೆ, ಒಂದ್ಸಲ ಬಂದು ನೋಡಿ ಎಂದರು. ಬರುತ್ತೇನೆ ಎಂದೆ. ಪರೀಕ್ಷೆ, ಪೇಪರು ಎಂದು ಹೋಗದೇ ಉಳಿದೆ. ಎರಡು ವರ್ಷದ ಮೇಲೆ, ಒಂದು ಬೆಳಗ್ಗೆ ಸಸಿಗಳಿಗೆ ನೀರು ಹಾಕುತ್ತಲೇ ಕುಸಿದರಂತೆ. ಸುದ್ದಿ ನನಗೆ ತಲುಪುವಾಗ ತಿಥಿಯೂ ಮುಗಿದಿತ್ತು.

ಆಮೇಲೊಂದು ಭಾನುವಾರ ನಾರಾಯಣಮ್ಮ ಬಸ್ಸು ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂದರು. ಮನೆಯಲ್ಲಿ ಅವರದೊಂದು ಫೋಟೋ ಇದೆ, ಮಾತು ಇರುವುದು ನಿಮ್ಮ ಹತ್ತಿರ ಮಾತ್ರ, ಒಂದು ಸಲ ಕೇಳಿಸಿ ಎಂದರು. ಕ್ಯಾಸೆಟ್ಟು ಹಾಕಿದೆ. ಟೀವಿಯಲ್ಲಿ ಆ ಕೈಗಳು ಬಂದವು, ಜೊತೆಗೆ ನನ್ನ ಗಂಟಲು. ಆಯಮ್ಮ ಕಿವಿಗೊಟ್ಟು ಕೇಳಿದರು.

"ಇದು ನಿಮ್ ಮಾತಲ್ವಾ ಸಾರ್. ಅವ್ರದು ಯಾವಾಗ ಬರ್ತದೆ?"

ಬರುವುದಿಲ್ಲ, ನಾನೇ ತೆಗೆಸಿಬಿಟ್ಟೆ ಎಂದೆ. ಆ ತೊದಲನ್ನು ಒಮ್ಮೆ ಕೇಳುವುದಕ್ಕೆ ನನ್ನ ಪ್ರಶಸ್ತಿಪತ್ರಗಳನ್ನೆಲ್ಲ ಒಲೆಗೆ ಹಾಕಬಲ್ಲೆ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಅವರು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಟೀವಿಯ ಹತ್ತಿರಕ್ಕೆ ಸರಿದು ಕೂತರು.

"ಹಂಗಾದ್ರೆ ನಿಮ್ ಮಾತು ನಿಲ್ಸಿ ಸಾರ್. ಅವ್ರ ಕೈಯಾದ್ರೂ ನೋಡ್ಕೊಂಡ್ ಹೋಗ್ತೀನಿ."

ನಾನು ಸೌಂಡು ಪೂರ್ತಿ ಇಳಿಸಿ, ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದೆ.