ಹನ್ನೊಂದೂವರೆ ಅಡಿ

ಲಾರಿಯವರು ಅವನನ್ನು ಕೈಮರ ಎಂದು ಕರೆಯುತ್ತಿದ್ದರು. ಯಾವ ಊರಿಗೆ ಯಾವ ಕವಲು ಎಂದು ಕೇಳಿದರೆ, ದಾರಿಬದಿಯ ಕಂಬದ ಹಾಗೆ ಕೈ ಚಾಚಿ ಹೇಳಿಬಿಡುತ್ತಿದ್ದ. ಮೂವತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನು. ಊಟಕ್ಕೆ ಕುಳಿತಾಗಲೂ ಫೋನು ಬರುತ್ತಿತ್ತು.

‘ಅಣ್ಣ, ಸಿಮೆಂಟ್ ಕಾರ್ಖಾನೆ ದಾಟಿದೆ, ಮುಂದೆ ಎರಡು ದಾರಿ ಇದೆ.’

ಅವನು ತುತ್ತು ನುಂಗಿ ಹೇಳುತ್ತಿದ್ದ: ‘ಇಟ್ಟಿಗೆ ಗೂಡು ಕಾಣ್ತಾ ಇದೆಯಾ? ಅದನ್ನ ಬೆನ್ನಿಗೆ ಹಾಕ್ಕೊಂಡು ಹೋಗು.’

ರಸ್ತೆಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗೂಡು, ಬೋಳುಮರ, ಮುರಿದ ಗೋಡೆ, ಚರ್ಮದ ಕಾರ್ಖಾನೆಯ ವಾಸನೆ.

ಅವನ ಹೆಂಡತಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ದಪ್ಪ ಸೂಜಿಯ ಮೆಷಿನ್ನು, ಮೇಣ ಹಚ್ಚಿದ ದಾರ, ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳ ಡಬ್ಬ, ಗೆರೆ ಎಳೆಯಲು ಸೀಮೆಸುಣ್ಣ. ಮದುವೆಯಾದ ಮೊದಲ ನಾಲ್ಕು ವರ್ಷ, ಮಗಳು ಹುಟ್ಟುವವರೆಗೆ, ಅವಳು ಅವನ ಪಕ್ಕದ ಸೀಟಿನಲ್ಲೇ ಸಂಸಾರ ಮಾಡಿದವಳು. ಆ ದಾರಿಗಳೆಲ್ಲ ಅವಳಿಗೂ ಬಾಯಿಪಾಠ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನ ಫೋನು ಬಂತು.

‘ಏನಿಲ್ಲ. ಸುಮ್ಮನೆ ಮಾಡಿದೆ.’

ಅವಳು ಮೆಷಿನ್ ನಿಲ್ಲಿಸಿದಳು. ಅಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಸುಮ್ಮನೆ ಫೋನು ಮಾಡಿದವನಲ್ಲ.

‘ಎಲ್ಲಿದೀರಿ?’

‘ಇಲ್ಲೇ. ಗೂಡು ದಾಟಿದೆ. ಎರಡು ದಾರಿ ಇದೆ.’ ಮತ್ತೆ ಕೇಳಿದ: ‘ನಾವು ಆಗ ಯಾವುದರಲ್ಲಿ ಹೋಗ್ತಿದ್ವಿ, ನೆನಪಿದೆಯಾ ನಿನಗೆ?’

ಹಳೆಯದನ್ನು ನೆನೆದು ಮಾತಾಡುತ್ತಿದ್ದಾನೆ ಎಂದುಕೊಂಡು ಅವಳು ನಗುತ್ತ ಹೇಳಿದಳು. ಮೂರನೆಯ ಸಲ ಹೀಗೆ ಫೋನು ಬಂದಾಗ ನಗು ಬರಲಿಲ್ಲ. ಅಂದಿನಿಂದ ಅವಳು ಮೆಷಿನ್ನಿನ ಮುಂದೆ ಕುಳಿತೇ ಅವನ ಲಾರಿಗೆ ದಾರಿ ತೋರಿಸುತ್ತ ಬಂದಳು. ಮರೆವು ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದಾಗ ಮಾತ್ರ ಅವನು ಸಿಡುಕಿದ. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಲಾರಿ ಮಾಲೀಕರ ಕಿವಿಗೆ ಬಿದ್ದರೆ ಬೀಗದ ಕೈ ಕಿತ್ಕೋತಾರೆ. ಆಮೇಲೆ ನಾನು ಯಾರು?’

ಅವಳು ಡಾಕ್ಟರ ಮಾತು ಬಿಟ್ಟಳು. ಆದರೆ ತನ್ನ ಫೋನು ಸಿಗದ ದಿನ ಏನು ಗತಿ? ದಾರಿ ಹೇಳುವ ಯಂತ್ರ ಕೊಳ್ಳೋಣ ಎಂದು ಅವಳೇ ಹೊರಡಿಸಿದಳು.

ಅಂಗಡಿಯಲ್ಲಿ ಮಾರುವ ಹುಡುಗಿ ಮೂರು ಯಂತ್ರಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟಳು. ‘ಈ ಎರಡು ಕಾರಿನವು. ಯಾವ ಸಂದಿಗೆ ಬೇಕಾದ್ರೂ ನುಗ್ಗಿಸ್ತವೆ. ಇದು ಲಾರಿಗೆ ಅಂತಲೇ ಮಾಡಿದ್ದು. ಗಾಡಿ ಎತ್ತರ, ತೂಕ ಹೇಳಿಬಿಟ್ಟರೆ ತಗ್ಗು ಸೇತುವೆ ಕಡೆ ಕರ್ಕೊಂಡೇ ಹೋಗಲ್ಲ.’

‘ಇದು ಮರೆಯಲ್ವಾ?’ ಹೆಂಡತಿ ಕೇಳಿದಳು.

‘ಇಲ್ಲ ಆಂಟಿ. ಒಂದು ಸಲ ಹೇಳಿದ್ದನ್ನ ಹಾಗೇ ಇಟ್ಕೊಳುತ್ತೆ.’

ಅಷ್ಟರಲ್ಲಿ ಬಾಗಿಲಲ್ಲಿ ಗಡಿಬಿಡಿ ಕಾಣಿಸಿಕೊಂಡ. ಅದೇ ಮಾಲೀಕನ ಇನ್ನೊಂದು ಲಾರಿಯ ಡ್ರೈವರು. ಉಂಡ ಕೈ ಒಣಗುವ ಮುಂಚೆ ಗಾಡಿ ಹತ್ತುತ್ತಾನೆಂದು ಆ ಹೆಸರು. ಫೋನಿನ ಚಾರ್ಜರು ಕೊಳ್ಳಲು ಬಂದವನು ಇವರನ್ನು ನೋಡಿ ಅಲ್ಲೇ ನಿಂತ.

‘ಏನಣ್ಣ ಇದು, ಅಂಗೈ ಹುಣ್ಣಿಗೆ ಕನ್ನಡಿ? ನೀನೇ ಯಂತ್ರ ಕೊಂಡರೆ ನಾವೆಲ್ಲ ಯಾರನ್ನ ಕೇಳೋದು?’

‘ನನಗಲ್ಲ, ನಿನ್ನಂಥವರಿಗೆ,’ ಎಂದ ಕೈಮರ. ‘ನಿಮಗೆ ದಾರಿ ಹೇಳಿ ಹೇಳಿ ಊಟ ಆರಿಹೋಗುತ್ತೆ. ಇನ್ಮೇಲೆ ಇದೇ ಹೇಳಲಿ.’

ಎಲ್ಲರೂ ನಕ್ಕರು. ಅವನು ಉಬ್ಬಿದ. ಯಂತ್ರವನ್ನೇ ಪರೀಕ್ಷೆ ಮಾಡುತ್ತೇನೆಂದು ಬಂದರಿನ ಉಗ್ರಾಣಕ್ಕೆ ದಾರಿ ಕೇಳಿಸಿದ. ಯಂತ್ರ ತೋರಿಸಿದ ಗೆರೆಯನ್ನು ಬೆರಳಿಂದ ಒರೆಸುವವನಂತೆ, ‘ಇಲ್ಲಿ ಶಾಲೆ ಬಿಡೋ ಹೊತ್ತಿಗೆ ಒಂದು ಗಂಟೆ ನಿಲ್ಬೇಕು, ಹಿಂದಿನ ದಾರಿ ಹಿಡೀಬೇಕು,’ ಎಂದ. ಅದು ಸರಿಯೇ ಇತ್ತು. ಹೆಂಡತಿಗೆ ಒಂದು ಗಳಿಗೆ, ತಾನೇ ಇಲ್ಲದ ಭೂತಕ್ಕೆ ಹೆದರಿದೆನೇನೋ ಎನಿಸಿತು.

ಹುಡುಗಿ ಕೇಳಿದಳು: ‘ನಿಮ್ಮ ಗಾಡಿ ಎತ್ತರ ಹೇಳಿ ಅಂಕಲ್, ಹಾಕಿಕೊಡ್ತೀನಿ.’

‘ಹನ್ನೊಂದೂವರೆ ಅಡಿ.’

ತಡವರಿಕೆಯಿಲ್ಲದೆ ಹೇಳಿದ. ಹೆಂಡತಿ ತಲೆ ಎತ್ತಿದಳು. ಹನ್ನೊಂದೂವರೆ ಹಳೆಯ ಹಸಿರು ಲಾರಿಯದು. ಅದು ಗುಜರಿಗೆ ಹೋಗಿ ಒಂಬತ್ತು ವರ್ಷ. ಈಗಿನದಕ್ಕೆ ಟಾರ್ಪಾಲು ಹೊಲಿದವಳು ಅವಳೇ. ಟಾರ್ಪಾಲು ಹೊದಿಸುವ ಕಮಾನು ಸೇರಿ ನೆಲದಿಂದ ಹದಿಮೂರು ಅಡಿ.

‘ರೀ, ಹದಿಮೂರಲ್ವಾ?’

‘ಸುಮ್ಮನಿರು. ನನ್ನ ಗಾಡಿ ಎತ್ತರ ನನಗೆ ಗೊತ್ತಿಲ್ವಾ?’

‘ಟಾರ್ಪಾಲು ಹೊಲಿಯೋರಿಗೆ ಎಲ್ಲಾ ಉದ್ದವೇ ಕಾಣುತ್ತೆ ಬಿಡಕ್ಕ,’ ಎಂದು ಗಡಿಬಿಡಿ ತಮಾಷೆ ಮಾಡಿದ.

ಅವಳು ಗಂಡನ ಮುಖ ನೋಡಿದಳು. ಕೋಪವಿತ್ತು, ಅನುಮಾನ ಎಳ್ಳಷ್ಟೂ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು. ದಾರಿ ಮರೆತಾಗ ಮರೆತೆನೆಂದು ಅವನಿಗೆ ಗೊತ್ತಾಗುತ್ತಿತ್ತು, ಫೋನು ಮಾಡುತ್ತಿದ್ದ. ಇದನ್ನು ಮರೆತದ್ದೇ ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ಮಾತಾಡಿದರೆ ಗಡಿಬಿಡಿಗೆ ತಿಳಿಯುತ್ತದೆ, ಗಡಿಬಿಡಿಗೆ ತಿಳಿದದ್ದು ಸಂಜೆಯೊಳಗೆ ಮಾಲೀಕನಿಗೆ ತಿಳಿಯುತ್ತದೆ. ಅವಳು ದುಡ್ಡು ಕೊಟ್ಟಳು. ಹೊರಗೆ ಬಂದ ಮೇಲೆ ಯಂತ್ರದ ಚೀಲವನ್ನು ತಾನೇ ಹಿಡಿದು, ಕೊಡೆ ಮರೆತೆನೆಂದು ಒಬ್ಬಳೇ ಒಳಗೆ ಹೋಗಿ, ‘ಹದಿಮೂರು ಮಾಡಮ್ಮ, ಅವರಿಗೆ ಹೇಳ್ಬೇಡ,’ ಎಂದಳು. ಹುಡುಗಿ ಏನೂ ಕೇಳದೆ ಬದಲಿಸಿದಳು.

ಮೂರು ದಿನ ಫೋನು ಬರಲಿಲ್ಲ. ಮೆಷಿನ್ನಿನ ಸದ್ದಿನ ನಡುವೆ ಅವಳು ಎರಡೆರಡು ಸಲ ಫೋನು ಮುಟ್ಟಿ ನೋಡಿದಳು. ಬಾರದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಬಂತು.

‘ಏನಿಲ್ಲ. ಸುಮ್ಮನೆ ಮಾಡಿದೆ.’ ಅವನ ಹಿಂದೆ ಯಂತ್ರದ ಹೆಣ್ಣುದನಿ, ಎಡಕ್ಕೆ ತಿರುಗಿ ಎನ್ನುತ್ತಿತ್ತು. ‘ಇವಳು ಎಡಕ್ಕೆ ಅಂತಾಳೆ. ಎಡಕ್ಕೆ ರೈಲು ಸೇತುವೆ. ನೀನೇನಂತೀಯ?’

ಆ ಸೇತುವೆ ಅವಳಿಗೆ ಗೊತ್ತಿತ್ತು. ಹಸಿರು ಲಾರಿಯೇ ಅದರ ಕೆಳಗೆ ಕೂದಲೆಳೆಯಷ್ಟರಲ್ಲಿ ಹಾಯುವಾಗ ಇಬ್ಬರೂ ತಲೆ ತಗ್ಗಿಸಿ ನಗುತ್ತಿದ್ದರು.

‘ರೀ, ಯಂತ್ರದಲ್ಲಿ ಗಾಡಿ ಎತ್ತರ ಎಷ್ಟು ಅಂತ ಇದೆ, ನೋಡಿ ಹೇಳಿ.’

‘ಹನ್ನೊಂದೂವರೆ. ಆ ಹುಡುಗಿ ಹದಿಮೂರು ಅಂತ ತಪ್ಪು ಹಾಕಿದ್ದಳು. ಬೆಳಿಗ್ಗೆ ನಾನೇ ಸರಿಮಾಡಿದೆ.’

ಅವಳ ಕೈ ಮೆಷಿನ್ನಿನ ಚಕ್ರದ ಮೇಲೇ ಉಳಿಯಿತು. ಬಲಕ್ಕೆ ಹೋಗಿ ಎನ್ನಬಹುದಿತ್ತು. ಇವತ್ತಿಗೆ ಬಲಕ್ಕೆ. ನಾಳೆ ಅವನು ಕೇಳದೆಯೇ ಹೋದರೆ?

‘ಎಂಜಿನ್ ಆಫ್ ಮಾಡಿ,’ ಎಂದಳು. ‘ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೆಳಗಿಳೀರಿ. ನಾನು ಬರ್ತೀನಿ.’

‘ನೀನು ಯಾಕೆ ಬರ್ತೀಯ? ದಾರಿ ಹೇಳು ಸಾಕು.’

‘ಇಳೀರಿ.’

ಎಂಜಿನ್ ನಿಂತದ್ದು ಕೇಳಿಸಿತು. ಬಾಗಿಲು ಬಡಿದದ್ದು. ಆಮೇಲೆ ಗಾಳಿ. ಅವನು ಕೇಳಿದ: ‘ಮಾಲೀಕರಿಗೆ ಹೇಳ್ತೀಯಾ?’

‘ಹೇಳ್ಬೇಕಲ್ಲ. ಗಾಡಿ ತಗೊಂಡು ಹೋಗೋಕೆ ಯಾರಾದ್ರೂ ಬರ್ಬೇಕು.’

ಅವನು ಸಿಡುಕಲಿಲ್ಲ. ಸಿಡುಕಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

‘ಮೈಲಿಗಲ್ಲು ಇದೆಯಾ ಅಲ್ಲಿ? ನಂಬರ್ ಹೇಳಿ.’

‘ಇದೆ. ತಡಿ.’ ನಡೆದ ಸದ್ದು. ಹುಲ್ಲು ಸರಿಸಿದ ಸದ್ದು. ‘ನಲವತ್ತೇಳು.’

ಹತ್ತಿರದಲ್ಲಿ ಕಾಗದವಿರಲಿಲ್ಲ. ಅವಳು ಸೀಮೆಸುಣ್ಣದಿಂದ, ಅರ್ಧ ಹೊಲಿದ ಟಾರ್ಪಾಲಿನ ಮೇಲೆಯೇ ನಲವತ್ತೇಳು ಎಂದು ಬರೆದಳು.

‘ಅಲ್ಲೇ ಇರಿ. ಕಲ್ಲಿನ ಮೇಲೆ ಕೂತ್ಕೊಳ್ಳಿ.’

‘ಆಯ್ತು,’ ಎಂದ ಅವನು. ‘ನಿನಗೆ ದಾರಿ ಗೊತ್ತಲ್ಲ? ಇಟ್ಟಿಗೆ ಗೂಡು ಬೆನ್ನಿಗೆ ಹಾಕ್ಕೊಂಡು ಬಾ.’