ಸೊಂಟದ ಪಿಸ್ತೂಲಿಗೆ ಕಟ್ಟಿದ ದಾರ

ಬಿಲ್ಲು ಹಿಡಿದು ಬೇಟೆಗೆ ಹೋಗುವವನು ಸೊಂಟದಲ್ಲಿ ಪಿಸ್ತೂಲನ್ನೂ ಇಟ್ಟುಕೊಳ್ಳುವುದು ಅಷ್ಟೇನೂ ಮರ್ಯಾದೆಯ ಸಂಗತಿಯಲ್ಲ, ಒಪ್ಪುತ್ತೇನೆ. ಪ್ರಾಣಿಗೂ ಒಂದು ಅವಕಾಶವಿರಲಿ ಎಂದು ಬಿಲ್ಲು. ಆ ಅವಕಾಶವನ್ನು ಅದು ನನ್ನ ಮೇಲೆಯೇ ಬಳಸಿಕೊಂಡೀತು ಎಂದು ಪಿಸ್ತೂಲು. ನನ್ನ ಔದಾರ್ಯಕ್ಕೆ ಇಷ್ಟೇ ಬೆನ್ನೆಲುಬು.

ಅದನ್ನು ಎಲ್ಲಿ ಕಟ್ಟಿಕೊಳ್ಳುವುದು ಎಂಬುದೇ ಒಂದು ಶಾಸ್ತ್ರ. ಎದೆಗೆ ಕಟ್ಟಿದರೆ ಬಿಲ್ಲಿನ ಹೆದೆ ತಾಗುತ್ತದೆ. ಬೆನ್ನಿಗೆ ಬ್ಯಾಗು ಇದೆ. ಉಳಿಯುವುದು ಬಲ ಸೊಂಟ. ಅಲ್ಲಿ ಒಂದು ಕಿಲೋ ತೂಗಿದರೆ ಮನುಷ್ಯ ಬಲಕ್ಕೆ ವಾಲಿ ನಡೆಯುತ್ತಾನೆ. ನಾನು ಕೆಲಸ ಮಾಡುವ ಗ್ಲೆಂಡೇಲಿನ ಆಫೀಸಿನಲ್ಲೂ ಹಾಗೇ ವಾಲುತ್ತೇನೆಂದು ಹೇಳಿದವರಿದ್ದಾರೆ.

ಇಟ್ಟುಕೊಂಡಿದ್ದು ಹೆಂಡತಿ ಗಿರಿಜಾಳ ಷರತ್ತಿನಿಂದ. ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯಿಂದ ಸ್ಯಾನ್ ಡಿಯೇಗೋದ ಪೂರ್ವದ ಬೆಟ್ಟಗಳಿಗೆ ಮೂರು ಗಂಟೆ ಡ್ರೈವ್. ಅಲ್ಲಿ ಕಾಡುಹಂದಿಗಳಿವೆ, ಫೋನಿಗೆ ಸಿಗ್ನಲ್ ಇಲ್ಲ. "ಒಬ್ಬರ ಹೋಗ್ತೀರಂದ್ರ ಪಿಸ್ತೂಲ್ ಇರಬೇಕು. ಇಲ್ಲಾಂದ್ರ ಹೋಗೋದ ಬ್ಯಾಡ," ಎಂದಿದ್ದಳು. ವಾರವೆಲ್ಲ ಮೀಟಿಂಗುಗಳಲ್ಲಿ ಕೂರುವ ನನಗೆ ಆ ಒಂಟಿ ಬೆಳಗುಗಳು ಬೇಕಿದ್ದವು. ಒಪ್ಪಿದೆ.

2013 ಇರಬೇಕು, 2014 ಇದ್ದರೂ ಇರಬಹುದು. ಆಯುಧಪೂಜೆಯ ದಿನ ಗಿರಿಜಾ ಎರಡು ಕಾರು, ಲ್ಯಾಪ್‌ಟಾಪು, ಮಿಕ್ಸಿಗಳ ಸಾಲಿನಲ್ಲಿ, ಸೊಂಟಕ್ಕೆ ಕಟ್ಟುವ ಚರ್ಮದ ಚೀಲದೊಳಗಿನ ಪಿಸ್ತೂಲನ್ನೂ ಇಟ್ಟು, ಹಿಡಿಯಿಂದ ಚೀಲದ ಪಟ್ಟಿಯವರೆಗೆ ಅರಿಷಿಣದ ದಾರ ಸುತ್ತಿ, ಕುಂಕುಮ ಹಚ್ಚಿದಳು.

"ಬಿಚ್ಚಬ್ಯಾಡ್ರಿ ಮತ್ತ. ಕಟ್ಟಿದವ್ರ ಬಿಚ್ಚಬೇಕು."

"ನಾಳೆ ಬೆಟ್ಟಕ್ಕ ಹೊಂಟೀನಲ್ಲ?"

"ದಾರ ಏನ್ ಮಾಡ್ತೈತ್ರಿ ನಿಮಗ? ಇರ್ಲಿ."

ದೇವರನ್ನು ನಂಬದವನು ದೇವರ ದಾರಕ್ಕೆ ಹೆದರುವ ಬಗೆ ನಿಮಗೂ ಗೊತ್ತಿರಬಹುದು. ಮರುದಿನ ದಶಮಿ. ಕಾಡಿನ ಅಂಚಿನಲ್ಲಿ ಕಾರು ನಿಲ್ಲಿಸಿ, ಪಿಸ್ತೂಲನ್ನು ಹೊರಗೆ ತೆಗೆಯದೆ, ಹಿಡಿಯ ಕೆಳಗಿನಿಂದ ಗುಂಡು ತುಂಬಿದ ಮ್ಯಾಗಜಿನ್ ಮಾತ್ರ ತುರುಕಿ, ಹೂವಿಲ್ಲದ ಉತ್ಸವಮೂರ್ತಿಯಂತೆ ಅದನ್ನು ಹೊತ್ತು ನಡೆದೆ.

ಹಂದಿಗಳು ಹೊರಳಾಡುವ ಕೆಸರಿನ ಎದುರು, ಓಕ್ ಮರದ ಬುಡದಲ್ಲಿ ಕೂತೆ. ಬಿಸಿಲೇರಿತು. ಹಕ್ಕಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಸುಮ್ಮನಾದವೋ, ಆಮೇಲೆ ಕತೆ ಹೇಳುತ್ತ ನಾನೇ ಅವುಗಳ ಬಾಯಿ ಮುಚ್ಚಿಸಿದೆನೋ ಹೇಳಲಾರೆ. ಹಿಂದೆ ತಿರುಗಿದೆ. ಇಳಿಜಾರಿನ ಮೇಲೆ ಒಂದು ಮೌಂಟನ್ ಲಯನ್ ಕೂತಿತ್ತು, ಚಿರತೆಯಷ್ಟು ದೊಡ್ಡ ಕಾಡುಬೆಕ್ಕು. ಒಣಹುಲ್ಲಿನ ಬಣ್ಣ. ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಎಷ್ಟು ಹೊತ್ತಿನಿಂದ ಕೂತಿತ್ತೋ. ನಾನು ಬೇಟೆಗೆ ಕೂತಿದ್ದ ಅಷ್ಟೂ ಹೊತ್ತು ಅದೂ ಬೇಟೆಗೇ ಕೂತಿದ್ದಿರಬೇಕು.

ಎದ್ದು ನಿಂತೆ. ಅದು ಒಂದು ಹೆಜ್ಜೆ ಕೆಳಗಿಳಿಯಿತು. ಇನ್ನೊಂದು. ಬಲಗೈ ಸೊಂಟಕ್ಕೆ ಹೋಯಿತು, ದಾರ ಸಿಕ್ಕಿತು, ಎಳೆದೆ, ಬರಲಿಲ್ಲ. ಕೊನೆಗೆ ಗಂಟಲಿನಿಂದ ಹೊರಬಿದ್ದದ್ದು ಇದು: "ಹೋಗ್ರಿ! ಆ ಕಡೆ ಹೋಗ್ರಿ ಅಂತೀನಿ!" ಭಯದಲ್ಲೂ ಬಹುವಚನ ಬಿಡಲಿಲ್ಲ. ಇಂಥ ಮರ್ಯಾದೆ ಅದಕ್ಕೆ ಹಿಂದೆಂದೂ ಯಾರೂ ಕೊಟ್ಟಿರಲಿಕ್ಕಿಲ್ಲ. ಒಂದು ಕ್ಷಣ ನೋಡಿ, ಅವಸರವಿಲ್ಲದೆ ಹೊರಟುಹೋಯಿತು.

ಅಂದೇ ಸಂಜೆ ಬರ್ಬ್ಯಾಂಕಿನ ಗೆಳೆಯರ ಮನೆಯಲ್ಲಿ ಬನ್ನಿ ಹಂಚಿಕೊಳ್ಳಲು ಸೇರಿದ್ದೆವು. ಬನ್ನಿ ಕೊಡುವಾಗ ನನ್ನ ಕತೆಯಲ್ಲಿ ಮೂವತ್ತು ಅಡಿ ದೂರವಿದ್ದ ಪ್ರಾಣಿ, ಊಟಕ್ಕೆ ಕೂರುವ ಹೊತ್ತಿಗೆ ಹತ್ತು ಅಡಿಗೆ ಬಂದಿತ್ತು.

"ಪಾಯಸ ಬರೂದ್ರಾಗ ತೊಡಿ ಮ್ಯಾಲ ಕೂತಿರ್ತೈತಿ ತಗೋರಿ," ಎಂದರು ಮನೆಯ ಯಜಮಾನ ದೇಸಾಯರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಕಡೆಯ ವೀರಗಲ್ಲುಗಳು ನೆನಪಾದವು. ಅವುಗಳಲ್ಲಿ ಅಂತರವೆಂಬುದೇ ಇಲ್ಲ, ಹುಲಿ ಯಾವಾಗಲೂ ವೀರನ ಮೈಮೇಲೆಯೇ. ಕಲ್ಲು ಕಡೆದವನು ಅಲ್ಲಿರಲಿಲ್ಲ, ಇದ್ದವನು ಬದುಕಿ ಉಳಿಯಲಿಲ್ಲ. ಬದುಕಿ ಬಂದ ನನ್ನಂಥವರಿಗೆ ಯಾರೂ ಕಲ್ಲು ನೆಡದಿರುವುದು ಸರಿಯೇ. ಒಂದೇ ಸಂಜೆಯಲ್ಲಿ ಕಲ್ಲನ್ನು ಎಷ್ಟು ಸಲ ತಿದ್ದುವುದು?

ಮರುದಿನ ಬೆಳಿಗ್ಗೆ ಗಿರಿಜಾ ದಾರ ಬಿಚ್ಚಲು ಕೂತಳು. ಬಿಚ್ಚಲಿಲ್ಲ, ನೋಡುತ್ತ ಉಳಿದಳು.

"ಎಳದಿದ್ರೇನ್ರಿ?"

"ಎಳದೆ. ಬರ್ಲಿಲ್ಲ."

ಅವಳು ಎರಡು ಬೆರಳು ತೂರಿಸಿ ಜಗ್ಗಿದಳು. ದಾರ ತಟ್ಟನೆ ಹರಿಯಿತು. ಹಿಡಿಯ ಮೇಲಿನ ಕುಂಕುಮ ಸ್ವಲ್ಪವೂ ಕದಡಿರಲಿಲ್ಲ.

"ನೀವು ಕೈನ ಹಾಕಿಲ್ಲ," ಎಂದಳು. ಚುಚ್ಚಲಿಲ್ಲ, ನಗಲೂ ಇಲ್ಲ. ಅದಕ್ಕೇ ಭಯವಾಯಿತು.

ಕೈಗೆ ದಾರ ತಗುಲಿದ್ದು ಈಗಲೂ ಬೆರಳಿಗೆ ನೆನಪಿದೆ. ಕುಂಕುಮಕ್ಕೆ ಮಾತ್ರ ಆ ನೆನಪಿಲ್ಲ. "ಗೊತ್ತಿಲ್ಲ ಗಿರಿಜಾ," ಎಂದೆ. ಆ ಎರಡು ದಿನಗಳಲ್ಲಿ ನಾನು ಆಡಿದ ಒಂದೇ ಖಚಿತವಾದ ಮಾತು ಅದು.

"ಹಂಗಾದ್ರ ಇನ್ನ ಒಬ್ಬರ ಹೋಗಂಗಿಲ್ಲ."

ನನ್ನ ಒಂಟಿ ಬೆಳಗುಗಳು ಅಲ್ಲಿಗೆ ಮುಗಿದವು. ಮುಂದಿನ ಶನಿವಾರ ಅವಳೂ ಬಂದಳು. ಥರ್ಮಾಸ್ ಮುಚ್ಚಳ ಕರಕರ ತಿರುಗಿಸಿದಳು, ಎರಡು ಸಲ ಸೀನಿದಳು, "ಹಂದಿ ಯಾವಾಗ ಬರ್ತಾವ್ರಿ?" ಎಂದು ಹಂದಿಗಳಿಗೂ ಕೇಳಿಸುವಂತೆ ವಿಚಾರಿಸಿದಳು. ಒಂದೂ ಬರಲಿಲ್ಲ. ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ಅವಳಿದ್ದಳು. ಇಳಿಜಾರನ್ನು ನೋಡುತ್ತಿದ್ದಳೋ, ನನ್ನ ಬಲಗೈಯನ್ನೋ, ಕೇಳುವ ಧೈರ್ಯವಾಗಲಿಲ್ಲ.